ಒಂದೇ ಕೀಲುವಾತ, ಒಬ್ಬರಿಗೆ ಸೌಮ್ಯ ಇನ್ನೊಬ್ಬರಿಗೆ ಉಗ್ರ: ವಂಶವಾಹಿಯ ಪಾಲೆಷ್ಟು? ಮನೆಯವರು ತಿಳಿದಿರಬೇಕಾದ್ದೇನು?

ಬೆಳಿಗ್ಗೆ ಎದ್ದ ಕೂಡಲೇ ಕೈ ಬೆರಳು ಮಡಚಲು ಆಗುವುದಿಲ್ಲ. ಅಂಗಡಿ ಶಟರ್ ಎತ್ತಲು ಪಕ್ಕದವರನ್ನು ಕರೆಯಬೇಕು, ಹಾಲಿನ ಪ್ಯಾಕೆಟ್ ಕತ್ತರಿಸಲು ಮಕ್ಕಳೇ ಬರಬೇಕು. ಇಂಥ ತೊಂದರೆ ಇಬ್ಬರಿಗೆ ಒಂದೇ ವರ್ಷ ಶುರುವಾಗಬಹುದು. ಐದು ವರ್ಷ ಕಳೆಯುವಷ್ಟರಲ್ಲಿ ಒಬ್ಬರು ಮಾತ್ರೆ ನುಂಗಿಕೊಂಡು ಎಂದಿನಂತೆ ಗಲ್ಲಾ ಮೇಲೆ ಕೂತಿರುತ್ತಾರೆ. ಇನ್ನೊಬ್ಬರ ಬೆರಳು ಸೊಟ್ಟಗಾಗಿ ಅಂಗಿ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿರುತ್ತದೆ.

ರೋಗದ ಹೆಸರು ಒಂದೇ: ರುಮಟಾಯ್ಡ್ ಆರ್ಥ್ರೈಟಿಸ್. ಜನರ ಬಾಯಲ್ಲಿ ಕೀಲುವಾತ, ಸಂಧಿವಾತ, ವಾಯು. ಒಬ್ಬರಿಗೆ ಸೌಮ್ಯವಾಗಿ, ಇನ್ನೊಬ್ಬರಿಗೆ ಉಗ್ರವಾಗಿ ಏಕೆ ಬರುತ್ತದೆ? ಅದರಲ್ಲಿ ತಂದೆ-ತಾಯಿಯಿಂದ ಬಂದ ವಂಶವಾಹಿಯ, ಅಂದರೆ ಜೀನ್‌ನ ಪಾತ್ರ ಎಷ್ಟು? 'ನಮ್ಮನೇಲಿ ಅಜ್ಜಿಗಿತ್ತು, ನಂಗೂ ಬರೋದೇ' ಅಂತ ಸುಮ್ಮನೆ ಕೂರಬೇಕಾ? ಈ ಪ್ರಶ್ನೆಗಳಿಗೆ ವೈದ್ಯಕೀಯ ಸಂಶೋಧನೆ ಇದುವರೆಗೆ ಕಂಡುಕೊಂಡ ಉತ್ತರಗಳು ಇಲ್ಲಿವೆ.

ಮೊದಲು ರೋಗದ ಪರಿಚಯ

ವಯಸ್ಸಾದವರಿಗೆ ಬರುವ ಮಂಡಿ ನೋವು ಸಾಮಾನ್ಯವಾಗಿ ಕೀಲಿನ ಸವೆತದಿಂದ ಬರುವಂಥದ್ದು. ನಡೆದಷ್ಟೂ ನೋವು, ಕೂತರೆ ಆರಾಮ. ಕೀಲುವಾತದ ಕಥೆ ಬೇರೆ. ಹೊರಗಿನ ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಒಳಪೊರೆ ಊದಿಕೊಳ್ಳುತ್ತದೆ. ಆ ಊತ ತಿಂಗಳುಗಟ್ಟಲೆ ಹಾಗೇ ಉಳಿದರೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಒಮ್ಮೆ ಕೊರೆದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಇದು ವಯಸ್ಸಾದವರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ. 30ರಿಂದ 60ರ ನಡುವೆ, ಅಂದರೆ ದುಡಿಯುವ ವಯಸ್ಸಿನಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. 1993ರಲ್ಲಿ ಪ್ರಕಟವಾದ, ಉತ್ತರ ಭಾರತದ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆ ವಯಸ್ಕರಲ್ಲಿ ಶೇ 0.75ರಷ್ಟು ಜನರಿಗೆ ಈ ರೋಗ ಇರುವುದನ್ನು ಕಂಡಿತ್ತು. ಇದೇ ಲೆಕ್ಕ ಹಿಡಿದರೆ ಒಂದು ಲಕ್ಷ ವಯಸ್ಕರಿರುವ ತಾಲ್ಲೂಕಿನಲ್ಲಿ ಸುಮಾರು 750 ಮಂದಿ. ಟೈಲರಿಂಗ್, ಹೂ ಕಟ್ಟುವುದು, ಬೀಡಿ ಸುತ್ತುವುದು, ಹೋಟೆಲ್ ಅಡುಗೆ, ದಿನಸಿ ಅಂಗಡಿ ಹೀಗೆ ಬೆರಳನ್ನೇ ನಂಬಿ ಬದುಕುವವರಿಗೆ ಇದು ನೇರವಾಗಿ ಹೊಟ್ಟೆಪಾಡಿನ ಪ್ರಶ್ನೆ.

ವಂಶದಲ್ಲಿ ಬರುತ್ತಾ?

ಬರುವ ಒಲವು ವಂಶದಲ್ಲಿ ಬರಬಹುದು, ರೋಗವೇ ಬರುತ್ತದೆ ಎಂದೇನಿಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಅವಳಿಗಳು. ಒಂದೇ ಥರ ಇರುವ ತದ್ರೂಪಿ ಅವಳಿಗಳಲ್ಲಿ ಜೀನ್‌ಗಳೆಲ್ಲ ಬಹುತೇಕ ಒಂದೇ. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕೀಲುವಾತ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ. ತದ್ರೂಪಿಯಲ್ಲದ ಅವಳಿಗಳಲ್ಲಿ ಇದು ನೂರಕ್ಕೆ ನಾಲ್ಕರ ಒಳಗೆ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತದೆ. 15 ಮತ್ತು ನಾಲ್ಕರ ನಡುವಿನ ಅಂತರ ನೋಡಿದರೆ ಜೀನ್‌ನ ಪಾತ್ರ ಖಂಡಿತ ಇದೆ. ಆದರೆ ಜೀನ್‌ಗಳೆಲ್ಲ ಒಂದೇ ಇದ್ದರೂ ನೂರರಲ್ಲಿ 85 ಜೋಡಿಗಳಲ್ಲಿ ಇನ್ನೊಬ್ಬರಿಗೆ ರೋಗ ಇರಲಿಲ್ಲ. ಅಂದರೆ ಜೀನ್ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರಲ್ಲಿ ಒಬ್ಬರಿಗೆ ಕೀಲುವಾತ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸಾಮಾನ್ಯರಿಗಿಂತ ಸುಮಾರು ಮೂರು ಪಟ್ಟು. ಕೇಳಲು ಹೆಚ್ಚು ಅನ್ನಿಸಿದರೂ ಲೆಕ್ಕ ಹಾಕಿದರೆ ನೂರರಲ್ಲಿ ಎರಡೋ ಮೂರೋ. ಉಳಿದ 97 ಜನರಿಗೆ ಬರುವುದಿಲ್ಲ. ಹೆಣ್ಣು ನೋಡಲು ಬಂದವರು 'ಅವರ ಮನೇಲಿ ವಾಯು ಕಾಯಿಲೆ ಇದೆಯಂತೆ' ಅಂತ ಹಿಂದೆ ಸರಿಯುವುದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ನಮ್ಮ ರಾಜ್ಯದವರಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗಬಹುದು: ಹಂದಿಗೋಡು ಕಾಯಿಲೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಈ ಕಾಯಿಲೆಯೂ ಕೀಲು-ಮೂಳೆಗಳನ್ನು ಬಾಧಿಸುತ್ತದೆ, ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ. ಅದನ್ನೂ ಕೀಲುವಾತವನ್ನೂ ಒಂದೇ ಎಂದು ತಿಳಿಯಬಾರದು. ಹಂದಿಗೋಡು ಕಾಯಿಲೆ ಮೂಳೆಯ ಬೆಳವಣಿಗೆಯ ದೋಷ, ಪೋಷಕರಿಂದ ಮಕ್ಕಳಿಗೆ ನೇರವಾಗಿ ದಾಟುವಂಥದ್ದು. ಕೀಲುವಾತದಲ್ಲಿ ಹಾಗೆ ಒಂದೇ ಜೀನ್ ಇಲ್ಲ. 2014ರಲ್ಲಿ ಪ್ರಕಟವಾದ, ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿದ ಅಂತಾರಾಷ್ಟ್ರೀಯ ಅಧ್ಯಯನ ಕೀಲುವಾತದ ನಂಟಿರುವ 101 ಜಾಗಗಳನ್ನು ನಮ್ಮ ಜೀನ್‌ಗಳ ಸಾಲಿನಲ್ಲಿ ಗುರುತಿಸಿದೆ. ಒಂದೊಂದೂ ಚೂರು ಚೂರು ಒಲವು ಕೊಡುತ್ತದೆ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದ ಜೀನ್

ಆ ನೂರಾರು ಚೂರುಗಳಲ್ಲಿ ದೊಡ್ಡ ಪಾಲು ಒಂದರದ್ದು. ಅದರ ಹೆಸರು ಎಚ್‌ಎಲ್‌ಎ-ಡಿಆರ್‌ಬಿ1. ಅಮೆರಿಕದ ಪೀಟರ್ ಸ್ಟಾಸ್ಟ್ನಿ 1970ರ ದಶಕದಲ್ಲೇ ಈ ಗುಂಪಿನ ಜೀನ್‌ಗೂ ಕೀಲುವಾತಕ್ಕೂ ನಂಟಿದೆ ಎಂದು ತೋರಿಸಿದ್ದರು.

ಈ ಜೀನ್ ಮಾಡುವ ಕೆಲಸ ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಅಂಗಡಿ ಮುಂದೆ ಮಾಲು ಜೋಡಿಸಿಡುವ ಹಲಗೆ ಇರುತ್ತದಲ್ಲ, ಹಾಗೆ ನಮ್ಮ ಕೆಲವು ಜೀವಕೋಶಗಳ ಮೇಲೆ ಸಣ್ಣ ಹಲಗೆಗಳಿವೆ. ಪ್ರೋಟೀನಿನ ತುಣುಕುಗಳನ್ನು ಅದರ ಮೇಲಿಟ್ಟು ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸಲಾಗುತ್ತದೆ. 'ಇದು ನಮ್ಮದು, ಬಿಡು' ಅಥವಾ 'ಇದು ಹೊರಗಿನದು, ಹೊಡಿ' ಎಂದು ಅವು ತೀರ್ಮಾನಿಸುತ್ತವೆ. ಹಲಗೆಯ ಆಕಾರ ಹೇಗಿರಬೇಕು ಎಂದು ಹೇಳುವುದು ಎಚ್‌ಎಲ್‌ಎ ಜೀನ್. ಎಲ್ಲರ ಹಲಗೆಯೂ ಒಂದೇ ಥರ ಇರುವುದಿಲ್ಲ.

1987ರಲ್ಲಿ ಗ್ರೆಗರ್ಸನ್, ಸಿಲ್ವರ್ ಮತ್ತು ವಿಂಚೆಸ್ಟರ್ ಎಂಬ ಮೂವರು ವಿಜ್ಞಾನಿಗಳು ಒಂದು ವಿಷಯ ಗಮನಿಸಿದರು. ಕೀಲುವಾತಕ್ಕೆ ಒಲವು ಕೊಡುವ ಬೇರೆ ಬೇರೆ ಮಾದರಿಯ ಹಲಗೆಗಳಲ್ಲೂ 70ರಿಂದ 74ನೇ ಸ್ಥಾನದವರೆಗಿನ ಐದು ಅಮೈನೋ ಆಮ್ಲಗಳ ಸಾಲು ಹೆಚ್ಚುಕಮ್ಮಿ ಒಂದೇ ಥರ ಇತ್ತು. ಇದಕ್ಕೆ 'ಶೇರ್ಡ್ ಎಪಿಟೋಪ್' ಎಂಬ ಹೆಸರು ಬಂತು, ಅಂದರೆ ಎಲ್ಲಕ್ಕೂ ಸಮಾನವಾದ ತುಣುಕು.

ಉಳಿದ ಕಥೆ ನಡೆಯುವುದು ಈ ತುಣುಕಿನ ಸುತ್ತಲೇ. ಶ್ವಾಸಕೋಶದಲ್ಲೋ ಒಸಡಿನಲ್ಲೋ ಉರಿಯೂತ ಆದಾಗ ನಮ್ಮದೇ ಪ್ರೋಟೀನುಗಳಲ್ಲಿ ಅರ್ಜಿನೀನ್ ಎಂಬ ಅಂಶ ಸಿಟ್ರುಲಿನ್ ಆಗಿ ಮಾರ್ಪಡುತ್ತದೆ. ಹೀಗೆ ಮಾರ್ಪಟ್ಟ ಪ್ರೋಟೀನು ಶೇರ್ಡ್ ಎಪಿಟೋಪ್ ಇರುವ ಹಲಗೆಯಲ್ಲಿ ಚೆನ್ನಾಗಿ ಕೂರುತ್ತದೆ. ಕಾವಲಿನ ಕಣಗಳು ಅದನ್ನು ಪರಕೀಯ ಎಂದುಕೊಂಡು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ಲ್ಯಾಬ್‌ಗಳಲ್ಲಿ 'ಆಂಟಿ-ಸಿಸಿಪಿ' ಅಂತ ಬರೆದು ಪರೀಕ್ಷೆ ಮಾಡುವುದು ಇದೇ ಪ್ರತಿಕಾಯವನ್ನು. ಕೀಲು ನೋಯಲು ಶುರುವಾಗುವ ವರ್ಷಗಟ್ಟಲೆ ಮೊದಲೇ ರಕ್ತದಲ್ಲಿ ಇದು ಕಾಣಿಸಿಕೊಂಡಿರಬಹುದು.

ಉಗ್ರವಾಗುವುದರಲ್ಲಿ ಜೀನ್‌ನ ಪಾಲು

ರೋಗ ಬರುವುದು ಒಂದು ಮಾತು, ಬಂದ ಮೇಲೆ ಎಷ್ಟು ಹಾಳು ಮಾಡುತ್ತದೆ ಎನ್ನುವುದು ಇನ್ನೊಂದು. ಎರಡನೆಯದಕ್ಕೂ ಜೀನ್ ಕೈ ಹಾಕುತ್ತದೆ ಎಂದು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ಕಾರ್ನೀಲಿಯಾ ವೆಯಾಂಡ್ ತಂಡ ಒಂದು. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಪ್ರತಿ ಜೀನ್‌ನ ಎರಡು ಪ್ರತಿ ನಮ್ಮಲ್ಲಿರುತ್ತದೆ. ಎರಡೂ ಪ್ರತಿಗಳು ಅಪಾಯದ ಮಾದರಿಯವೇ ಆಗಿದ್ದವರಲ್ಲಿ ರೋಗ ಕೀಲು ದಾಟಿ ಬೇರೆ ಅಂಗಗಳಿಗೂ ಹರಡುವುದು, ಕೀಲಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದು ಹೆಚ್ಚು ಎಂದು ಆ ತಂಡ 1992ರಲ್ಲಿ ವರದಿ ಮಾಡಿತು.

ಇನ್ನೂ ಸ್ಪಷ್ಟವಾದ ಅಂಕಿ ಸಿಕ್ಕಿದ್ದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಿಂದ. ಅಲ್ಲಿ ಕೀಲು ಊತ ಹೊಸದಾಗಿ ಶುರುವಾದವರನ್ನೆಲ್ಲ ನೋಂದಾಯಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ನಡೆದಿದೆ. ಹಲಗೆಯ ತಳದಲ್ಲಿರುವ 11ನೇ ಸ್ಥಾನದಲ್ಲಿ 'ವ್ಯಾಲೀನ್' ಎಂಬ ಅಮೈನೋ ಆಮ್ಲ ಇದೆಯೋ ಇಲ್ಲವೋ ಎಂದು ನೋಡಿ, ಐದನೇ ವರ್ಷದ ಹೊತ್ತಿಗೆ ಎಕ್ಸ್‌ರೇಯಲ್ಲಿ ಮೂಳೆ ಸವೆತ ಎಷ್ಟು ಜನರಲ್ಲಿ ಕಂಡಿತು ಎಂದು ಲೆಕ್ಕ ಹಾಕಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ:

* ವ್ಯಾಲೀನ್ ಇರುವ ಪ್ರತಿ ಒಂದೂ ಇಲ್ಲದವರಲ್ಲಿ: ಶೇ 48
* ಒಂದು ಪ್ರತಿ ಇದ್ದವರಲ್ಲಿ: ಶೇ 61
* ಎರಡೂ ಪ್ರತಿ ಇದ್ದವರಲ್ಲಿ: ಶೇ 74

ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕಣ್ಣಿಗೆ ಕಾಣುತ್ತದೆ. ಆದರೆ ಇದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಅತಿ ಅಪಾಯದ ಗುಂಪಿನಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಐದು ವರ್ಷವಾದರೂ ಮೂಳೆ ಸವೆದಿರಲಿಲ್ಲ. 'ಒಳ್ಳೆಯ' ಜೀನ್ ಇದ್ದವರಲ್ಲೂ ಅರ್ಧದಷ್ಟು ಜನರಿಗೆ ಸವೆದಿತ್ತು. ಹಾಗಾಗಿ ಜೀನ್ ನೋಡಿ 'ನಿಮಗೆ ಏನೂ ಆಗಲ್ಲ' ಎಂದೂ ಹೇಳುವಂತಿಲ್ಲ, 'ನಿಮ್ಮ ಕಥೆ ಮುಗೀತು' ಎಂದೂ ಹೇಳುವಂತಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಚ್ಚರಿ ಇತ್ತು. ರೋಗವನ್ನು ಉಗ್ರಗೊಳಿಸುವ ಇದೇ ಮಾದರಿ ಇದ್ದವರು ಟಿಎನ್‌ಎಫ್ ತಡೆಯುವ ದುಬಾರಿ ಇಂಜೆಕ್ಷನ್‌ಗಳಿಗೆ ಉಳಿದವರಿಗಿಂತ ಸ್ವಲ್ಪ ಚೆನ್ನಾಗಿಯೇ ಸ್ಪಂದಿಸಿದ್ದರು.

ಒಟ್ಟಾರೆ ಎಷ್ಟು ಪಾಲು? ಐಸ್‌ಲ್ಯಾಂಡ್ ದೇಶದಲ್ಲಿ ತಲೆಮಾರುಗಳ ವಂಶಾವಳಿ ದಾಖಲೆ ಪಕ್ಕಾ ಇದೆ. ಅಲ್ಲಿನ ರೋಗಿಗಳ ಎಕ್ಸ್‌ರೇಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕೀಲು ಹಾಳಾಗುವ ವೇಗದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 45ರಿಂದ 58ರಷ್ಟು ವಂಶವಾಹಿಗೆ ಸೇರಿದ್ದು. ಸರಿಸುಮಾರು ಅರ್ಧ. ಉಳಿದ ಅರ್ಧ ಬೇರೆ ಕಾರಣಗಳದ್ದು. ಚಿಕಿತ್ಸೆ, ಬೀಡಿ-ಸಿಗರೇಟು ಎಲ್ಲ ಬರುವುದು ಅಲ್ಲಿ.

ಕೆಟ್ಟ ಜೀನ್ ಅಂತ ಇದೆಯಾ?

2013ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಫಾಕ್ಸೋ3 ಎಂಬ ಜೀನ್ ಬಗ್ಗೆ ಒಂದು ಕುತೂಹಲದ ಸಂಗತಿ ಪ್ರಕಟಿಸಿದರು. ಅದರ ಒಂದು ಮಾದರಿ ಇದ್ದವರಿಗೆ ಕೀಲುವಾತ ಬಂದರೂ ಸೌಮ್ಯವಾಗಿರುತ್ತದೆ, ಏಕೆಂದರೆ ಅದು ಉರಿಯೂತವನ್ನು ತಗ್ಗಿಸುತ್ತದೆ. ಆದರೆ ಅದೇ ಮಾದರಿ ಇದ್ದವರಿಗೆ ಮಲೇರಿಯಾ ಬಂದರೆ ತೀವ್ರವಾಗುವ ಸಾಧ್ಯತೆ ಹೆಚ್ಚು. ರೋಗಾಣುವಿನ ವಿರುದ್ಧ ಜೋರಾಗಿ ಹೋರಾಡುವ ಮೈ, ತನ್ನ ಕೀಲಿನ ಮೇಲೂ ಜೋರಾಗಿಯೇ ಎರಗುತ್ತದೆ. ನಮ್ಮ ಪೂರ್ವಿಕರನ್ನು ಜ್ವರದಿಂದ ಉಳಿಸಿದ ಗುಣವೇ ಇಂದು ಕೀಲಿಗೆ ಮುಳುವಾಗಿರಬಹುದು. ಇದರಲ್ಲಿ ರೋಗಿಯ ತಪ್ಪೂ ಇಲ್ಲ, ತವರಿನವರ ತಪ್ಪೂ ಇಲ್ಲ.

ಭಾರತೀಯರಿಗೂ ಇದೇ ಅನ್ವಯವೇ?

ಪೂರ್ತಿ ಅಲ್ಲ. ಯುರೋಪಿನವರಲ್ಲಿ ಎಚ್‌ಎಲ್‌ಎ ನಂತರ ಮುಖ್ಯವೆನಿಸಿದ ಜೀನ್ ಪಿಟಿಪಿಎನ್22. ಅದರ ಅಪಾಯದ ಮಾದರಿ ಭಾರತೀಯರಲ್ಲಿ ತೀರಾ ಅಪರೂಪ. ಎಚ್‌ಎಲ್‌ಎ-ಡಿಆರ್‌ಬಿ1ನಲ್ಲೂ ಯುರೋಪಿನಲ್ಲಿ 04:01 ಎಂಬ ಮಾದರಿ ಹೆಚ್ಚು ಸುದ್ದಿಯಲ್ಲಿದ್ದರೆ, ದಕ್ಷಿಣ ಏಷ್ಯಾದ ರೋಗಿಗಳಲ್ಲಿ 10:01 ಎಂಬ ಮಾದರಿ ಗಮನ ಸೆಳೆದಿದೆ. ಎರಡರಲ್ಲೂ ಇರುವುದು ಶೇರ್ಡ್ ಎಪಿಟೋಪ್ ತುಣುಕೇ. ಹಾಗಾಗಿ ಯುರೋಪಿನ ಅಂಕಿಗಳನ್ನು ಹಾಗೇ ತಂದು ಇಲ್ಲಿನವರಿಗೆ ಅಂಟಿಸುವಂತಿಲ್ಲ. ಜೀನ್ ಪರೀಕ್ಷೆ ಮಾರುವವರ ಮಾತು ಕೇಳುವಾಗ ಇದು ನೆನಪಿರಲಿ.

ಬೀಡಿ, ಸಿಗರೇಟು: ಬೆಂಕಿಗೆ ತುಪ್ಪ

ಜೀನ್ ಬದಲಾಯಿಸಲು ಆಗುವುದಿಲ್ಲ. ಆದರೆ ಅದಕ್ಕೆ ಬೆಂಕಿ ಹಚ್ಚುವ ಕಡ್ಡಿ ಕೈಯಲ್ಲೇ ಇರುತ್ತದೆ. ಹೊಗೆ ಶ್ವಾಸಕೋಶಕ್ಕೆ ಹೋದಾಗ ಮೇಲೆ ಹೇಳಿದ ಸಿಟ್ರುಲಿನ್ ಬದಲಾವಣೆ ಅಲ್ಲೇ ಶುರುವಾಗುತ್ತದೆ. ಸ್ವೀಡನ್ನಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇರ್ಡ್ ಎಪಿಟೋಪ್‌ನ ಎರಡೂ ಪ್ರತಿ ಇದ್ದು ಧೂಮಪಾನವನ್ನೂ ಮಾಡುತ್ತಿದ್ದವರಿಗೆ, ಎರಡೂ ಇಲ್ಲದವರಿಗೆ ಹೋಲಿಸಿದರೆ ಪ್ರತಿಕಾಯ ಇರುವ ಮಾದರಿಯ ಕೀಲುವಾತ ಬರುವ ಅಪಾಯ 21 ಪಟ್ಟು ಇತ್ತು. ಪ್ರತಿಕಾಯ ಇರುವ ಮಾದರಿಯಲ್ಲೇ ಮೂಳೆ ಬೇಗ ಸವೆಯುವುದು.

ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕೂಡ ಅಪಾಯ ಹೆಚ್ಚಿಸುತ್ತದೆ. ಕ್ವಾರಿ, ಕ್ರಷರ್, ಗ್ರಾನೈಟ್ ಕಟಿಂಗ್ ಕೆಲಸದವರು ಮಾಸ್ಕ್ ಹಾಕುವುದು ಶ್ವಾಸಕೋಶದ ಜೊತೆ ಕೀಲಿಗೂ ಒಳ್ಳೆಯದು. ಮನೆಯಲ್ಲಿ ಒಬ್ಬರಿಗೆ ಕೀಲುವಾತ ಇದ್ದರೆ ಉಳಿದವರು ಮಾಡಬಹುದಾದ ಮೊದಲ ಕೆಲಸ ಬೀಡಿ-ಸಿಗರೇಟು ಬಿಡುವುದು.

ಜೀನ್ ಪರೀಕ್ಷೆ ಮಾಡಿಸಬೇಕಾ?

ಸಾಮಾನ್ಯವಾಗಿ ಬೇಡ. ಪರೀಕ್ಷೆಯ ಫಲಿತಾಂಶ ಏನೇ ಬಂದರೂ ಮೊದಲ ಚಿಕಿತ್ಸೆ ಬದಲಾಗುವುದಿಲ್ಲ. ಜೀನ್‌ನ ಪ್ರಭಾವದ ಬಹುಪಾಲು ಆಂಟಿ-ಸಿಸಿಪಿ ಪ್ರತಿಕಾಯದ ಮೂಲಕವೇ ಹರಿಯುವುದರಿಂದ, ಅದನ್ನು ನೋಡಿದರೆ ಬೇಕಾದ ಸುಳಿವು ಸಿಕ್ಕಂತೆಯೇ. ವೈದ್ಯರು ಸಾಮಾನ್ಯವಾಗಿ ಬರೆಯುವ ಪರೀಕ್ಷೆಗಳು ಇವು:

* ಆಂಟಿ-ಸಿಸಿಪಿ ಮತ್ತು ಆರ್‌ಎ ಫ್ಯಾಕ್ಟರ್: ರೋಗ ಗುರುತಿಸಲು, ಮುಂದೆ ಉಗ್ರವಾಗುವ ಸಾಧ್ಯತೆ ಅಳೆಯಲು
* ಇಎಸ್‌ಆರ್ ಮತ್ತು ಸಿಆರ್‌ಪಿ: ಉರಿಯೂತ ಎಷ್ಟಿದೆ ಎಂದು ತಿಳಿಯಲು
* ಕೈ ಮತ್ತು ಪಾದದ ಎಕ್ಸ್‌ರೇ: ಮೂಳೆ ಸವೆತ ಆಗಲೇ ಶುರುವಾಗಿದೆಯೇ ನೋಡಲು

ಆರ್‌ಎ ಫ್ಯಾಕ್ಟರ್ ಒಂದೇ ಪಾಸಿಟಿವ್ ಬಂದರೆ ಕೀಲುವಾತ ಇದೆ ಎಂದರ್ಥವಲ್ಲ. ಆರೋಗ್ಯವಂತರಲ್ಲೂ, ಬೇರೆ ಸೋಂಕುಗಳಲ್ಲೂ ಅದು ಪಾಸಿಟಿವ್ ಬರುತ್ತದೆ. ನೆಗೆಟಿವ್ ಬಂದರೆ ಇಲ್ಲ ಎಂದೂ ಅಲ್ಲ. ಕೆಲವರು ಎಚ್‌ಎಲ್‌ಎ-ಬಿ27 ಪರೀಕ್ಷೆಯ ವರದಿ ಹಿಡಿದು 'ಕೀಲುವಾತದ ಜೀನ್ ಇದೆ' ಎಂದು ಹೆದರುತ್ತಾರೆ. ಅದು ಬೆನ್ನುಮೂಳೆ ಬಿಗಿಯುವ ಬೇರೊಂದು ಕಾಯಿಲೆಗೆ ಸಂಬಂಧಿಸಿದ್ದು. ಚಿಕೂನ್‌ಗುನ್ಯಾ ಜ್ವರದ ನಂತರ ತಿಂಗಳುಗಟ್ಟಲೆ ಉಳಿಯುವ ಕೀಲು ನೋವೂ ನೋಡಲು ಇದೇ ಥರ ಇರುತ್ತದೆ. ಜ್ವರ ಬಂದು ಹೋಗಿದ್ದರೆ ವೈದ್ಯರಿಗೆ ತಪ್ಪದೇ ಹೇಳಬೇಕು.

ಮೊದಲ ಮೂರು ತಿಂಗಳೇ ನಿರ್ಣಾಯಕ

ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟದ ಸಲಹೆ ಹೀಗಿದೆ: ಕೀಲು ಊತ ಶುರುವಾದ ಆರು ವಾರದೊಳಗೆ ತಜ್ಞರನ್ನು ಕಾಣಬೇಕು, ರೋಗ ಉಳಿಯುವ ಅಪಾಯವಿದ್ದರೆ ಮೂರು ತಿಂಗಳೊಳಗೆ ರೋಗವನ್ನೇ ಹಿಡಿದು ನಿಲ್ಲಿಸುವ ಔಷಧಿ ಶುರುವಾಗಬೇಕು. ಹೀಗೆ ಬೇಗ ಶುರು ಮಾಡಿದವರಲ್ಲಿ ಮೂಳೆ ಸವೆತ ಕಡಿಮೆ.

ನಮ್ಮಲ್ಲಿ ಆಗುವುದು ಇದರ ಉಲ್ಟಾ. ಮೊದಲ ತಿಂಗಳು ಎಣ್ಣೆ ತಿಕ್ಕುವುದರಲ್ಲಿ, ಎರಡನೆಯದು ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲಿ, ಮೂರನೆಯದು ಯಾರೋ ಹೇಳಿದ ಪುಡಿಯಲ್ಲಿ ಕಳೆದುಹೋಗುತ್ತದೆ. ನೋವಿನ ಮಾತ್ರೆ ನೋವು ತಗ್ಗಿಸುತ್ತದೆ, ಮೂಳೆ ಕೊರೆಯುವುದನ್ನು ನಿಲ್ಲಿಸುವುದಿಲ್ಲ. ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ 'ಪವಾಡ' ಆದಂತೆ ಅನ್ನಿಸಿದರೂ, ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಮೆಥೋಟ್ರೆಕ್ಸೇಟ್: ವಾರಕ್ಕೊಮ್ಮೆ ಮಾತ್ರ

ಹೆಚ್ಚಿನವರಿಗೆ ಮೊದಲು ಕೊಡುವ ಔಷಧಿ ಮೆಥೋಟ್ರೆಕ್ಸೇಟ್. ದುಬಾರಿಯಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ಹಾಗಾಗಿ 'ಕೆಲಸ ಮಾಡ್ತಿಲ್ಲ' ಅಂತ ಬೇಗ ಬಿಡಬಾರದು. ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಗೊತ್ತಿಲ್ಲದೆ ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಮೇಲೆ 'ಭಾನುವಾರ ಮಾತ್ರ' ಎಂದೋ ವೈದ್ಯರು ಹೇಳಿದ ಬೇರೆ ವಾರವನ್ನೋ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟರೆ ಒಂದು ಜೀವ ಉಳಿಸಿದಂತೆ. ಓದಲು ಬಾರದ ಹಿರಿಯರಿಗಾಗಿ ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು.

ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ ಆಗಬೇಕು, ಕುಡಿತ ಬಿಡಬೇಕು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಮಗು ಬೇಕು ಎಂದುಕೊಂಡಿರುವವರು ಮೊದಲೇ ವೈದ್ಯರಿಗೆ ಹೇಳಿದರೆ ಬೇರೆ ಔಷಧಿಗೆ ಬದಲಾಯಿಸುತ್ತಾರೆ. ಮೆಥೋಟ್ರೆಕ್ಸೇಟ್ ಸಾಲದೆ ಹೋದರೆ ಇತರ ಮಾತ್ರೆಗಳು, ಬಯಲಾಜಿಕ್ ಇಂಜೆಕ್ಷನ್‌ಗಳು ಇವೆ. ಆ ಇಂಜೆಕ್ಷನ್ ಶುರುವಾಗುವ ಮೊದಲು ಕ್ಷಯರೋಗದ ಪರೀಕ್ಷೆ ಕಡ್ಡಾಯವಾಗಿ ಆಗಬೇಕು.

ಯಾವಾಗ ವೈದ್ಯರ ಬಳಿ ಹೋಗಬೇಕು?

* ಬೆಳಿಗ್ಗೆ ಎದ್ದಾಗ ಕೈ-ಕಾಲು ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ
* ಬೆರಳ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗದಲ್ಲಿ ಊತ ಇದ್ದರೆ, ಅದರಲ್ಲೂ ಎರಡೂ ಬದಿಯಲ್ಲಿ
* ಕೈ ಕುಲುಕಿದಾಗ ಗೆಣ್ಣು ಹಿಂಡಿದಂತೆ ನೋವಾದರೆ
* ಎರಡು-ಮೂರು ವಾರವಾದರೂ ಊತ ಇಳಿಯದಿದ್ದರೆ
* ಮನೆಯಲ್ಲಿ ಯಾರಿಗಾದರೂ ಕೀಲುವಾತ ಇದ್ದು, ಮೇಲಿನ ಯಾವುದೇ ಒಂದು ಲಕ್ಷಣ ಕಂಡರೂ ಕಾಯದೆ ಹೋಗಬೇಕು

ಹತ್ತಿರದಲ್ಲಿ ರುಮಟಾಲಜಿಸ್ಟ್ ಇಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಫಿಸಿಷಿಯನ್ ಬಳಿ ಶುರು ಮಾಡಬಹುದು. 'ಕೀಲು ನೋವು' ಎಂದಷ್ಟೇ ಹೇಳದೆ, ಬೆಳಗಿನ ಬಿಗಿತ ಎಷ್ಟು ಹೊತ್ತು, ಊತ ಯಾವಾಗಿನಿಂದ, ಮನೆಯಲ್ಲಿ ಯಾರಿಗಿತ್ತು ಎಂಬ ಮೂರನ್ನೂ ಹೇಳಿದರೆ ಅವರಿಗೆ ದಾರಿ ಸಿಗುತ್ತದೆ.

ಅಜ್ಜಿಯ ಕಾಲದಲ್ಲಿ ಬೆರಳು ಸೊಟ್ಟಗಾಗಿದ್ದರೆ ಆಗ ಈ ಔಷಧಿಗಳು ಅವರಿಗೆ ಸಿಕ್ಕಿರಲಿಲ್ಲ. ಅದೇ ಜೀನ್ ಮೊಮ್ಮಗಳಿಗೆ ಬಂದಿದ್ದರೂ, ಆರು ವಾರದೊಳಗೆ ಆಸ್ಪತ್ರೆಗೆ ಹೋದರೆ ಅವಳ ಬೆರಳನ್ನು ಉಳಿಸಿಕೊಳ್ಳುವ ಅವಕಾಶ ತುಂಬಾ ಹೆಚ್ಚು.

(ಇದು ಸಾಮಾನ್ಯ ತಿಳಿವಳಿಕೆಗಾಗಿ. ಔಷಧಿ ಶುರು ಮಾಡುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ವೈದ್ಯರ ಸಲಹೆಯ ಮೇಲೆ ಮಾತ್ರ.)